ಅರ್ಧ ಸೊನ್ನೆಯ ರೈಲು

ಸೊನ್ನೆಯನ್ನು ಅರ್ಧ ಮಾಡಿದರೆ ಎಷ್ಟು? ಮಗ್ಗಿ ಕಲಿಯುವ ಮಗುವನ್ನು ಕೇಳಿದರೂ ಸೊನ್ನೆಯೇ ಅನ್ನುತ್ತದೆ. ಮೇಜಿನ ಮೇಲೆ ರೈಲು ಓಡಿಸುವವರ ಲೆಕ್ಕದಲ್ಲಿ ಮಾತ್ರ ಅದು ಹದಿನಾರೂವರೆ ಮಿಲಿಮೀಟರ್, ಎರಡು ಕಂಬಿಗಳ ನಡುವಿನ ಅಗಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಆಟದ ರೈಲಿನ ಹಳಿಗಳಿಗೆ ಅಂಕಿ ಕೊಟ್ಟು ಅಳತೆ ಗೊತ್ತುಮಾಡಿತು. ಒಂದಕ್ಕಿಂತ ಸಣ್ಣದು ಬಂದಾಗ ಅದಕ್ಕೆ ಸೊನ್ನೆ ಎಂದರು. ಅದರ ಅರ್ಧದ್ದು ಬಂದಾಗ ಅರ್ಧ ಸೊನ್ನೆ ಎನ್ನದೆ ಬೇರೆ ದಾರಿ ಉಳಿಯಲಿಲ್ಲ. ಈಗ ಎಲ್ಲರ ಬಾಯಲ್ಲೂ ಎಚ್‌ಓ, ಅಂದರೆ ಹಾಫ್ ಓ. ನಿಜದ ರೈಲಿನ 87ರಲ್ಲಿ ಒಂದು ಪಾಲು.

ತಕರಾರು ಶುರುವಾಗುವುದು ಇಲ್ಲಿಂದಲೇ. ಆ ಹದಿನಾರೂವರೆ ಹುಟ್ಟಿದ್ದು ಯುರೋಪಿನ 1435 ಮಿ.ಮೀ. ಹಳಿಗೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕು. ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ಬಂಗಾರಪೇಟೆಯ ಎಕ್ಸ್‌ಪ್ರೆಸ್ ನಿಲ್ಲಿಸಿದರೆ ಸುಮಾರು 2.8 ಮಿ.ಮೀ. ಕಮ್ಮಿ. ಇಷ್ಟೇ ತಾನೆ ಅನ್ನಬೇಡಿ; ನಿಜದ ಅಳತೆಗೆ ತಂದರೆ ಅದು ಒಂದು ಗೇಣು. ದಪ್ಪ ಮೈಯವರು ಮಕ್ಕಳ ಚಪ್ಪಲಿ ಹಾಕಿಕೊಂಡ ಹಾಗೆ ಡಬ್ಬಿ ಎರಡೂ ಕಡೆ ಹೊರಗೆ ಚಾಚಿಕೊಂಡು ಕಾಣುತ್ತದೆ. 1884ರಲ್ಲಿ ತುಮಕೂರಿಗೆ ಬಂದ ಮೀಟರ್‌ಗೇಜಿನ ಪಾಡು ವಾಸಿ: ಹನ್ನೊಂದೂವರೆ ಬೇಕಾದ ಕಡೆ ಹನ್ನೆರಡು ಮಿ.ಮೀ. ಹಳಿ ಸಿಗುತ್ತದೆ. ಪೂರ್ತಿ ಒಪ್ಪುವುದು ಕೋಲಾರ–ಚಿಕ್ಕಬಳ್ಳಾಪುರದ ಹಳೆಯ ನ್ಯಾರೋಗೇಜು. ಎರಡೂವರೆ ಅಡಿ, ಅಂದರೆ 762 ಮಿ.ಮೀ.; 87ರಿಂದ ಭಾಗಿಸಿದರೆ 8.76. ಒಂಬತ್ತು ಮಿ.ಮೀ. ಹಳಿ ಎಲ್ಲೆಡೆ ಸಿಗುವ ಮಾಲು. ವ್ಯತ್ಯಾಸ ನಿಜದ ಅಳತೆಯಲ್ಲಿ ಒಂದು ಅಂಗುಲವೂ ಇಲ್ಲ.

ಹೀಗಾಗಿ ಇವತ್ತು ಓಡುತ್ತಿರುವ ರೈಲಿಗಿಂತ, ಕಿತ್ತು ಹಾಕಿದ ರೈಲನ್ನೇ ಮೇಜಿನ ಮೇಲೆ ಹೆಚ್ಚು ನಿಜವಾಗಿ ಕೂರಿಸಬಹುದು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಬಂದ ಪುಟ್ಟ ಹಳಿ ಅದು. ಮುಂದೆ ಚಿಕ್ಕಬಳ್ಳಾಪುರದ ಕಡೆಯ ಹಳಿಯೊಡನೆ ಕೂಡಿಕೊಂಡಿತು. ಆಗ ಮೈಸೂರಿನ ದಿವಾನರು ಅದೇ ಸೀಮೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ಉಳಿದಿರುವ ಗುರುತುಗಳಲ್ಲಿ ನಂದಿ ಹಾಲ್ಟ್ ನಿಲ್ದಾಣ ಒಂದು: ಪುಟ್ಟ ಕಟ್ಟಡ, ಮಂಗಳೂರು ಹೆಂಚು, ಹಿಂದೆ ಬೆಟ್ಟ. ಮೊದಲ ಸಲ ಕೈಹಾಕುವವರಿಗೆ ಇದಕ್ಕಿಂತ ಒಳ್ಳೆಯ ನಿಲ್ದಾಣ ಕಾಣೆ. ಜಂಕ್ಷನ್‌ಗೆ ಕೈಹಾಕಿದವರು ಮೂರನೇ ಪ್ಲಾಟ್‌ಫಾರ್ಮ್ ಮುಗಿಸಿದ್ದನ್ನು ನೋಡಿದವರು ಕಡಿಮೆ.

ಜಾಗದ ಲೆಕ್ಕವೂ ಇದೇ ಮಾತು ಹೇಳುತ್ತದೆ. ತಿರುವಿನ ತ್ರಿಜ್ಯ ಅತಿ ಉದ್ದದ ಡಬ್ಬಿಯ ಮೂರು ಪಟ್ಟಾದರೂ ಇರಬೇಕು ಎಂಬುದು ರೂಢಿಯ ನಿಯಮ. ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆಯ ಡಬ್ಬಿ 21.3 ಮೀಟರ್, ಎಚ್‌ಓದಲ್ಲಿ 245 ಮಿ.ಮೀ. ಮೂರು ಪಟ್ಟು 735. ಪೂರ್ತಿ ಸುತ್ತು ಹಾಕಲು ಸುಮಾರು ಒಂದೂವರೆ ಮೀಟರ್ ಅಗಲ ಬೇಕು. ಎಂಟು ನಾಲ್ಕರ ಪ್ಲೈವುಡ್ ಹಲಗೆಯ ಅಗಲ 1.22 ಮೀಟರ್. ಅದರಲ್ಲೇ ಅದುಮಿ ತಿರುಗಿಸಿದರೆ ಡಬ್ಬಿಯ ಮೂಲೆಗಳು ಒಂದಕ್ಕೊಂದು ತಾಗಿ, ಡಬ್ಬಿ ಹಳಿಯಿಂದ ಎದ್ದು ಮಲಗುತ್ತದೆ. ನ್ಯಾರೋಗೇಜಿನ ಡಬ್ಬಿ 10 ಮೀಟರ್ ಎಂದಿಟ್ಟುಕೊಳ್ಳಿ: 115 ಮಿ.ಮೀ., ಮೂರು ಪಟ್ಟು 345. ಎಪ್ಪತ್ತು ಸೆಂಟಿಮೀಟರಿನಲ್ಲಿ ರೈಲು ತಿರುಗಿ ಬಂತು. ಉಳಿದ ಜಾಗಕ್ಕೆ ಬೆಟ್ಟ.

ಹಲಗೆ 9 ಮಿ.ಮೀ. ಸಾಕು, ಕೆಳಬದಿಗೆ 40 ಸೆಂ.ಮೀ.ಗೊಂದು ರೀಪರ್ ಕೊಡಬೇಕು. ಬರೀ ದಪ್ಪ ಹಲಗೆಯನ್ನೇ ನಂಬಿದವರು ಭಾರ ಹೊರಲು ಆಳು ಕರೆಯಬೇಕಾಗುತ್ತದೆ, ಮೇಲಾಗಿ ಅದೂ ನಡುವೆ ಬಾಗುತ್ತದೆ. ಎರಡೂ ಮೈಗೆ, ಅಂಚಿಗೆ ಗೆದ್ದಲು ನಿರೋಧಕ ಹಚ್ಚಿ, ಮೇಲೆ ವಾರ್ನಿಶ್ ಬಳಿಯಿರಿ. ನಮ್ಮ ಕಡೆ ಗೆದ್ದಲು ನೆಂಟರಂತೆ, ಹೇಳದೆಯೇ ಬರುತ್ತದೆ. ಗೋಡೆಗೆ ಒತ್ತಿ ಇಟ್ಟ ಮೇಜಾದರೆ ಅಗಲ 75 ಸೆಂ.ಮೀ. ದಾಟಬಾರದು, ಕೈ ಎಟುಕುವುದು ಅಷ್ಟೇ. ರೈಲು ಹಳಿ ತಪ್ಪುವುದು ಮಾತ್ರ ಯಾವಾಗಲೂ ಕೈ ಎಟುಕದ ಮೂಲೆಯಲ್ಲಿ.

ಹಲಗೆಯ ಮೇಲೆ 3 ಮಿ.ಮೀ. ಕಾರ್ಕ್, ಅದರ ಮೇಲೆ ಹಳಿ. ಬಾಗಿಸಬಹುದಾದ ಹಳಿ ಗಜದ ತುಂಡುಗಳಾಗಿ, 91 ಸೆಂ.ಮೀ. ಉದ್ದಕ್ಕೆ ಬರುತ್ತದೆ. ಬಾಗಿಸಿದಾಗ ಒಳಗಿನ ಕಂಬಿ ಉದ್ದವಾಗಿ ಹೊರಚಾಚುತ್ತದೆ. ಅದನ್ನು ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನಯ ಮಾಡದಿದ್ದರೆ ಪ್ರತಿ ಸುತ್ತಿಗೂ ಅಲ್ಲೇ ಟಕ್ ಎನ್ನುತ್ತದೆ. ತಿರುವಿನಲ್ಲಿ ಎರಡು ತುಂಡು ಸೇರುವುದಾದರೆ ನೆಟ್ಟಗಿರುವಾಗಲೇ ಬೆಸುಗೆ ಹಾಕಿ, ಆಮೇಲೆ ಬಾಗಿಸಬೇಕು. ಮೊದಲು ಬಾಗಿಸಿ ಆಮೇಲೆ ಜೋಡಿಸಿದರೆ ಕೀಲಿನಲ್ಲಿ ಮೊಣಕೈಯಂತೆ ಕೋನ ಏಳುತ್ತದೆ. ಬೆಸುಗೆ ಕಡ್ಡಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಾಗಬಾರದು, ಎರಡೂ ಪಕ್ಕದ ಸ್ಲೀಪರ್ ಮೇಲೆ ಒದ್ದೆ ಹತ್ತಿ ಇರಲಿ. ಪ್ಲಾಸ್ಟಿಕ್ ಸ್ಲೀಪರ್ ಕರಗುವುದಕ್ಕೆ ಕಾರಣವೇ ಬೇಕಿಲ್ಲ. ಹಾಗೆಂದು ಎಲ್ಲ ಕೀಲುಗಳನ್ನೂ ಬೆಸೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಂಕ್ರಾಂತಿಯ ಮುಂಜಾನೆಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಕೋಣೆಯಲ್ಲಿ 20 ಡಿಗ್ರಿ ವ್ಯತ್ಯಾಸ ಬಂದರೆ, ಎಂಟಡಿ ಉದ್ದದ ಕಂಬಿ ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಹಾವಿನಂತೆ ಸೊಟ್ಟಗಾಗುತ್ತದೆ. ನೇರ ಹಳಿಯಲ್ಲಿ ಪ್ರತಿ ಗಜಕ್ಕೊಂದು ಕೀಲನ್ನು ಬೆಸೆಯದೆ ಅರ್ಧ ಮಿ.ಮೀ. ಸಂದು ಬಿಡಬೇಕು.

ರೈಲು ಓಡುವುದು ಕಂಬಿಯಲ್ಲಿ ಹರಿಯುವ ಕರೆಂಟಿನಿಂದ; ಸಂದು ಬಿಟ್ಟ ಕಡೆ ಅದು ಹರಿಯುವುದೇ ಅನುಮಾನ. ಕೀಲಿನ ತಗಡು ವರ್ಷದೊಳಗೆ ಕಪ್ಪಾಗಿ ಕೈಕೊಡುತ್ತದೆ. ರೈಲು ನಿಲ್ದಾಣದಿಂದ ದೂರ ಹೋದಷ್ಟೂ ನಿಧಾನವಾದರೆ ರೋಗ ಇದೇ ಎಂದು ತಿಳಿಯಿರಿ. ಮೇಜಿನಡಿ 1.5 ಚದರ ಮಿ.ಮೀ.ನ ಎರಡು ದಪ್ಪ ತಂತಿ ಉದ್ದಕ್ಕೂ ಎಳೆದು, ಪ್ರತಿ ತುಂಡು ಹಳಿಗೂ ಅಲ್ಲಿಂದ ಸಣ್ಣ ತಂತಿ ಬೆಸೆಯಬೇಕು. ಮನೆಯ ವೈರಿಂಗಿನ ತಂತಿಯೇ ಸಾಕು. ಎರಡು ಬಣ್ಣ, ಕೊನೆಯವರೆಗೂ ಅದೇ ಎರಡು ಬಣ್ಣ. ನಡುವೆ ಕೆಂಪು ಮುಗಿಯಿತೆಂದು ಹಸಿರು ಸೇರಿಸಿದವರು ಮುಂದಿನ ಭಾನುವಾರವನ್ನು ಮೇಜಿನಡಿಯಲ್ಲೇ ಕಳೆಯುತ್ತಾರೆ.

ಒಂಬತ್ತು ಮಿ.ಮೀ. ಹಳಿಯಲ್ಲಿ ಒಂದು ಮೋಸವಿದೆ. ಅದು ನಿಜಕ್ಕೆ 160ರಲ್ಲೊಂದು ಪಾಲಿನ ಎನ್ ಸ್ಕೇಲಿನ ಮಾಲು. ಕಂಬಿಗಳ ನಡುವಿನ ಅಗಲ ಸರಿ, ಆದರೆ ಸ್ಲೀಪರುಗಳು ಬಾಚಣಿಗೆ ಹಲ್ಲಿನಂತೆ ಒತ್ತಾಗಿರುತ್ತವೆ. ಒಂದು ಬಿಟ್ಟು ಒಂದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಅರ್ಧ ಮೋಸ ಹೋಯಿತು, ಉಳಿದ ಅರ್ಧವನ್ನು ಮಣ್ಣಿನಲ್ಲಿ ಹೂತುಬಿಡಬಹುದು.

ಮಣ್ಣಿನ ವಿಷಯಕ್ಕೆ ಬಂದರೆ, ಪರದೇಶದವರು ಪೊಟ್ಟಣದಲ್ಲಿ ದುಡ್ಡು ಕೊಟ್ಟು ತರಿಸುವ ಸಾಮಾನು ನಮ್ಮ ಹಿತ್ತಲಲ್ಲೇ ಬಿದ್ದಿದೆ. 50 ಮಿ.ಮೀ. ಜಲ್ಲಿಯ 87ನೇ ಪಾಲು ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಕ್ರಷರ್ ಪುಡಿಯನ್ನು ತೊಳೆದು ಒಣಗಿಸಿ, ಮೊದಲು ರವೆ ಜರಡಿಯಲ್ಲಿ, ಆಮೇಲೆ ಹಿಟ್ಟಿನ ಜರಡಿಯಲ್ಲಿ ಹಿಡಿದರೆ ನಡುವೆ ಉಳಿಯುವುದೇ ಜಲ್ಲಿ. ಜರಡಿಯನ್ನು ಅಡುಗೆಮನೆಗೆ ವಾಪಸು ಕೊಡುವ ಯೋಚನೆ ಬೇಡ, ಹೊಸದು ತಂದುಕೊಡಿ. ನೆಲಕ್ಕೆ ಕೆಂಪು ಮಣ್ಣು, ಅದನ್ನೂ ಜರಡಿ ಹಿಡಿದು. ಹಳಿಯ ಹತ್ತಿರ ತರುವ ಮೊದಲು ಎರಡರ ಮೇಲೂ ಆಯಸ್ಕಾಂತ ಆಡಿಸಲೇಬೇಕು. ಕಾಗದದಲ್ಲಿ ಸುತ್ತಿದ ಆಯಸ್ಕಾಂತಕ್ಕೆ ಕಪ್ಪು ಮೀಸೆ ಮೊಳೆಯುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ: ಆ ಕಬ್ಬಿಣದ ಹುಡಿ ಇಂಜಿನ್ನಿನ ಮೋಟಾರಿನೊಳಗಿನ ಆಯಸ್ಕಾಂತಕ್ಕೆ ಅಂಟಿಕೊಂಡರೆ ಮೋಟಾರು ಕರಕರ ಎಂದು ಒಂದು ದಿನ ನಿಂತೇಹೋಗುತ್ತದೆ.

ಜಲ್ಲಿಯನ್ನು ಒಣಗಿದ್ದಾಗಲೇ ಬ್ರಷ್ಷಿನಿಂದ ಹರಡಿ, ಕಂಬಿಯ ಒಳಬದಿಯಲ್ಲಿ ಒಂದು ಕಾಳೂ ಕೂರದಂತೆ ನೋಡಿ, ಮೇಲಿನಿಂದ ಸ್ಪಿರಿಟ್ಟನ್ನು ಮಂಜಿನಂತೆ ಸಿಂಪಡಿಸಬೇಕು. ಆಮೇಲೆ ಫೆವಿಕಾಲಿಗೆ ಅಷ್ಟೇ ನೀರು, ಪಾತ್ರೆ ತೊಳೆಯುವ ದ್ರವದ ಎರಡು ತೊಟ್ಟು ಸೇರಿಸಿ, ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಬಿಡುವುದು. ಸ್ಪಿರಿಟ್ ಬಿಟ್ಟರೆ ಅಂಟು ಒಳಗಿಳಿಯದೆ ಗೋಲಿಯಂತೆ ಉರುಳಿ ಜಲ್ಲಿಯನ್ನೂ ಎಳೆದುಕೊಂಡು ಹೋಗುತ್ತದೆ. ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ಜಾಗದ, ಹತ್ತಿರ ಮಾತ್ರ ಜಿಪುಣರಾಗಿ. ಚಲಿಸುವ ಕಂಬಿಯ ಅಡಿಗೆ ಒಂದು ತೊಟ್ಟು ಹೋದರೂ ಪಾಯಿಂಟು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ. ಕೆಂಪು ಮಣ್ಣು ಅಂಟು ಕುಡಿದು ಒಣಗಿದ ಮೇಲೂ ಒಂದು ಛಾಯೆ ಕಪ್ಪಾಗಿಯೇ ಉಳಿಯುತ್ತದೆ; ಮಳೆ ಬಿದ್ದ ಮಾರನೆ ದಿನದ ಹೊಲ ಬೇಡವೆಂದರೆ ಮೇಲೆ ಒಣ ಮಣ್ಣಿನ ಹುಡಿ ತೆಳ್ಳಗೆ ಉದುರಿಸಿ.

ಇನ್ನು ಗಾಡಿ. ನಾವು ಡಬ್ಬಿಯನ್ನೇ ಬೋಗಿ ಅನ್ನುತ್ತೇವೆ. ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಅಡಿಯ ಚಕ್ರಗಳ ಚೌಕಟ್ಟು. ಇಲ್ಲಿ ಅವರ ಮಾತೇ ನಡೆಯಲಿ. ಹಳೆಯ ಎಚ್‌ಓ ಡಬ್ಬಿ ಕೊಂಡವರು ಮೊದಲು ಮಾಡಬೇಕಾದ್ದು ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ್ದು ಹಾಕುವುದು. ಪ್ಲಾಸ್ಟಿಕ್ ಚಕ್ರ ಹಳಿಯ ಕೊಳೆಯನ್ನು ಮೆತ್ತಿಕೊಂಡು ಊರೆಲ್ಲ ಹಂಚುತ್ತದೆ. ಎರಡು ಚಕ್ರಗಳ ಬೆನ್ನಿನ ನಡುವೆ 14.4 ಮಿ.ಮೀ. ಇದೆಯೇ ಎಂದು ಕ್ಯಾಲಿಪರ್ ಹಿಡಿದು ನೋಡಿ. ಪಾಯಿಂಟಿನಲ್ಲಿ ಮಾತ್ರ ಹಳಿ ತಪ್ಪುವ ಡಬ್ಬಿಯ ಜಾತಕ ಅಲ್ಲೇ ಇರುತ್ತದೆ. ಆಮೇಲೆ ತೂಕ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹಾಕಿದ ಲೆಕ್ಕ ಎಚ್‌ಓಗೆ ಹೀಗಿದೆ: ಮೂಲ 28 ಗ್ರಾಂ, ಮೇಲೆ ಪ್ರತಿ ಅಂಗುಲ ಉದ್ದಕ್ಕೆ 14 ಗ್ರಾಂ. ಆ 245 ಮಿ.ಮೀ. ಡಬ್ಬಿಗೆ ಸುಮಾರು 165 ಗ್ರಾಂ. ಕಮ್ಮಿ ಬಿದ್ದದ್ದಕ್ಕೆ ನಟ್ಟು, ವಾಷರ್ ಅಂಟಿಸಬಹುದು, ಆದರೆ ನೆಲಕ್ಕೇ ಅಂಟಿಸಬೇಕು, ಎರಡು ಬೋಗಿಗಳ ಮೇಲೂ ಸಮವಾಗಿ. ಚಾವಣಿಯ ಹತ್ತಿರ ತೂಕ ಇಟ್ಟರೆ ಡಬ್ಬಿ ಹಬ್ಬದ ತೇರಿನಂತೆ ತೂಗಾಡುತ್ತದೆ. ಡಬ್ಬಿಗಳನ್ನು ಕೂಡಿಸುವ ಕೊಂಡಿಗಳಲ್ಲಿ ಒಂದು ಹೆಸರುವಾಸಿ ಬ್ರ್ಯಾಂಡು ಕೇಡಿ. ಹೆಸರಷ್ಟೇ ಹಾಗೆ, ಕಂಬಿಯ ನೆತ್ತಿಯಿಂದ 9.9 ಮಿ.ಮೀ. ಎತ್ತರಕ್ಕೆ ಕೂರಿಸಿದರೆ ಅಷ್ಟು ಸಾಧು ಕೊಂಡಿ ಇನ್ನೊಂದಿಲ್ಲ.

ನ್ಯಾರೋಗೇಜ್ ಇಂಜಿನ್ನಿಗೆ ಅಡ್ಡದಾರಿಯುಂಟು: ಎನ್ ಸ್ಕೇಲಿನ ಪುಟ್ಟ ಶಂಟಿಂಗ್ ಇಂಜಿನ್ನಿನ ಅಡಿಭಾಗ ಇಟ್ಟುಕೊಂಡು, ಮೇಲಿನ ಮೈಯನ್ನು ಅರ್ಧ ಮತ್ತು ಒಂದು ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಎಚ್‌ಓ ಅಳತೆಗೆ ಕಟ್ಟುವುದು. ಡಿಸಿಸಿ ಡಿಕೋಡರ್, ಅಂದರೆ ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆಯಂತೆ ಇಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟು, ಹಾಕುವುದಾದರೆ ಮೋಟಾರಿನ ಎರಡು ಕುಡಿಗಳೂ ಲೋಹದ ಚೌಕಟ್ಟಿಗೆ ತಾಗದಂತೆ ಬೇರೆಯಾಗಿರಬೇಕು. ತಾಗಿದರೆ ಡಿಕೋಡರ್ ಸಣ್ಣ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಡಿಕೋಡರಿನ ತಂತಿಗಳ ಬಣ್ಣ ಮೊದಲೇ ಗೊತ್ತುಮಾಡಿದ್ದು: ಕೆಂಪು, ಕಪ್ಪು ಹಳಿಯ ಕಡೆಗೆ, ಕಿತ್ತಳೆ, ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪ, ಹಳದಿ ಹಿಂದಿನದು, ನೀಲಿ ದೀಪಗಳಿಗೆಲ್ಲ ಸೇರಿದ್ದು. ತಂತಿಯ ಕೀಲುಗಳಿಗೆ ಇನ್ಸುಲೇಷನ್ ಟೇಪ್ ಬೇಡ, ಬಿಸಿಗೆ ಅದರ ಗೋಂದು ಕರಗಿ ಟೇಪು ಜಾರುತ್ತದೆ; ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ. ಗಿಯರಿಗೆ ಪ್ಲಾಸ್ಟಿಕ್ ತಿನ್ನದ ಎಣ್ಣೆ, ಸೂಜಿ ಮೊನೆಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟು. ತೆಂಗಿನ ಸೀಮೆಯವರೆಂಬ ಅಭಿಮಾನಕ್ಕೆ ಕೊಬ್ಬರಿ ಎಣ್ಣೆ ಹಾಕಿದರೆ ಧನುರ್ಮಾಸದಲ್ಲಿ ಬಾಟಲಿಯಲ್ಲಿ ಆಗುವುದೇ ಗಿಯರ್ ಪೆಟ್ಟಿಗೆಯಲ್ಲೂ ಆಗುತ್ತದೆ.

ಓಡಿಸುವಾಗಲೂ ಲೆಕ್ಕ ಬಿಡುವಂತಿಲ್ಲ. ಗಂಟೆಗೆ 30 ಕಿ.ಮೀ. ಓಡುವ ಪುಟ್ಟ ರೈಲು ಮೇಜಿನ ಮೇಲೆ ಒಂದು ಮೀಟರ್ ದಾಟಲು ಹತ್ತು ಸೆಕೆಂಡ್ ಹಿಡಿಯಬೇಕು. ಎರಡೇ ಸೆಕೆಂಡಿನಲ್ಲಿ ದಾಟಿತೋ, ನಂದಿ ಹಾಲ್ಟಿನಲ್ಲಿ ಅದರ ವೇಗ ಗಂಟೆಗೆ 157 ಕಿ.ಮೀ. ಮನೆಗೆ ಬಂದ ಮಕ್ಕಳು ಕೇಳುವುದು ಎರಡನೆಯದನ್ನೇ. ಕೊಡಿ, ಒಂದು ಸುತ್ತು.

ಬೆಟ್ಟದ ಮುಂದೆ ಲೆಕ್ಕ ಸೋಲುತ್ತದೆ. 1478 ಮೀಟರಿನ ನಂದಿಬೆಟ್ಟ ಬುಡದ ಬಯಲಿನಿಂದ ಐನೂರು ಮೀಟರಿಗೂ ಮೇಲೆ ಏಳುತ್ತದೆ. 87ರಿಂದ ಭಾಗಿಸಿದರೂ ಸುಮಾರು ಆರು ಮೀಟರ್, ತಾರಸಿ ಒಡೆಯಬೇಕು. ಅದನ್ನು ಹಿಂದಿನ ಹಲಗೆಯ ಮೇಲೆ ಚಿತ್ರವಾಗಿ ಬರೆದು, ಮುಂದೆ ಎರಡು ಗುಂಡುಕಲ್ಲು ಇಡುವುದೇ ಜಾಣತನ. ಮರಗಳಿಗೆ ನೀಲಗಿರಿ ಸುಲಭ, ಬೆಳ್ಳಗಿನ ಕಾಂಡ, ತಲೆಯಲ್ಲಿ ವಿರಳ ಎಲೆ. ತೆಂಗು ಕಷ್ಟ: 15 ಮೀಟರ್ ಮರಕ್ಕೆ 17 ಸೆಂ.ಮೀ. ತಂತಿ, ಮೇಲೆ ಸುತ್ತಿದ ನೂಲು, ಐದಾರು ಸೆಂ.ಮೀ. ಉದ್ದದ ಕಾಗದದ ಗರಿ ಹದಿನೈದು, ಪ್ರತಿ ಗರಿಗೂ ಕತ್ತರಿಯಿಂದ ಸೀಳು. ನಾಲ್ಕು ಮರದ ಹೊತ್ತಿಗೆ ತುಮಕೂರಿನ ತೋಟ ಮಾಡುವ ಆಸೆ ಇಳಿದಿರುತ್ತದೆ. ತೆಂಗಿನ ನಾರು ಮಾತ್ರ ಚಿನ್ನ: ಐದು ಮಿ.ಮೀ.ಗೆ ಕತ್ತರಿಸಿ ಅಂಟಿನ ಮೇಲೆ ನಿಲ್ಲಿಸಿದರೆ ಬೇಸಗೆಯ ಒಣಹುಲ್ಲು.

ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಟೊಮೆಟೊ ಲಾರಿ ಇಲ್ಲದಿದ್ದರೆ ಅದು ಕೋಲಾರದ ಸೀಮೆಯೇ ಅಲ್ಲ. ಕ್ರೇಟು ಒಂದೊಂದೂ ಆರು ಮಿ.ಮೀ. ಉದ್ದ. ಒಳಗಿನ ಹಣ್ಣಿಗೆ ಸಾಸಿವೆ ಹಾಕಿದರೆ ಕುಂಬಳಕಾಯಿ ಆಗುತ್ತದೆ. ಕೆಂಪು ಬಣ್ಣ ಹಚ್ಚಿದ ಗಸಗಸೆ ಸರಿ, ತುಸು ದಪ್ಪ ಹಣ್ಣು ಅಂದುಕೊಂಡರಾಯಿತು. ಬಣ್ಣ ಒಣಗಿದ ಮೇಲೆ ಒಂದು ಕೈ ವಾರ್ನಿಶ್ ಮರೆಯಬಾರದು. ಮರೆತರೆ ಇರುವೆಗಳು ಬರುತ್ತವೆ. ಮೂರು ಮಿ.ಮೀ. ಇರುವೆ ಈ ಊರಿನ ಲೆಕ್ಕದಲ್ಲಿ 26 ಸೆಂ.ಮೀ., ಬೆಕ್ಕಿನ ಮರಿಯಷ್ಟು. ಬೆಳಗಾಗುವುದರೊಳಗೆ ಆ ಬೆಕ್ಕಿನ ಮರಿಗಳು ಸಾಲುಗಟ್ಟಿ, ಹೊಸದಾಗಿ ಹಾಕಿದ ಹಳಿಯ ಮೇಲೇ, ತಲೆಗೊಂದು ಟೊಮೆಟೊ ಹೊತ್ತುಕೊಂಡು ಲಾರಿ ಖಾಲಿ ಮಾಡಿರುತ್ತವೆ.