ವೆಚ್ಚದ ಮೇಲೆ ಪರಿಣಾಮ: ಇಲ್ಲ

ಕಟ್ಟಡ ಕಾಮಗಾರಿಯ ನಡುವೆ ನಕ್ಷೆ ಬದಲಿಸಲು ಕೊಡುವ ಬದಲಾವಣೆ ಅರ್ಜಿಯ ಕೊನೆಯಲ್ಲಿ ಎರಡು ಪುಟ್ಟ ಚೌಕಗಳಿರುತ್ತವೆ. ವೆಚ್ಚದ ಮೇಲೆ ಪರಿಣಾಮ: ಇದೆ, ಇಲ್ಲ. ‘ಇದೆ’ ಎಂದು ಟಿಕ್ ಹಾಕಿದರೆ ಅರ್ಜಿ ಸಮಿತಿಗೆ ಹೋಗುತ್ತದೆ. ಸಮಿತಿ ತಿಂಗಳಿಗೊಮ್ಮೆ ಸೇರುತ್ತದೆ, ಸೇರಿದ ದಿನ ಕೋರಂ ಇರುವುದಿಲ್ಲ. ‘ಇಲ್ಲ’ ಎಂದರೆ ಅದೇ ಸಂಜೆ ಸಹಿ ಬೀಳುತ್ತದೆ. ಹಾಗಾಗಿ ಕಾಗದದ ಪ್ರಕಾರ ಬಹುಪಾಲು ಬದಲಾವಣೆಗಳಿಗೆ ವೆಚ್ಚವೇ ಇಲ್ಲ. ಹಣ ಬೇರೆಲ್ಲಿಂದಲೋ ಸೋರುತ್ತಿರಬೇಕು.

ಮೂರನೇ ಮಹಡಿಯ ಗೋಡೆಯೊಂದನ್ನು 300 ಮಿ.ಮೀ. ಆಚೆ ಸರಿಸಬೇಕು ಅಂದುಕೊಳ್ಳಿ. ನಕ್ಷೆಯಲ್ಲಿ ಅದು ಒಂದೇ ಗೆರೆ. ಗೆರೆ ಸರಿದರೆ ಸ್ಪ್ರಿಂಕ್ಲರ್ ಗೋಡೆಗೆ ತೀರಾ ಹತ್ತಿರವಾಗುತ್ತದೆ, ಅದೂ ಸರಿಯಬೇಕು. ಸರಿಯಬೇಕಾದ ಜಾಗದಲ್ಲಿ ಎಸಿ ಡಕ್ಟ್ ಇದೆ. ಡಕ್ಟ್ ಕೆಳಗಿಳಿದರೆ ಫಾಲ್ಸ್ ಸೀಲಿಂಗೂ ಇಳಿಯುತ್ತದೆ, ಅದರೊಂದಿಗೆ ದೀಪಗಳೂ. ಗೋಡೆ ಬೆಂಕಿ ತಡೆಯುವ ಗೋಡೆಯಾಗಿದ್ದರೆ ಅದನ್ನು ತೂರುವ ಪ್ರತಿ ಪೈಪಿಗೂ ಹೊಸ ಫೈರ್ ಸೀಲ್, ಡಕ್ಟಿಗೆ ಬೆಂಕಿ ಬಿದ್ದಾಗ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್. ಸ್ಲ್ಯಾಬ್ ಆಗಲೇ ಹಾಕಿದ್ದರೆ ಅದರಲ್ಲಿ ತೂತು ಕೊರೆಯುವ ಕೋರ್ ಕಟಿಂಗ್, ಅದಕ್ಕೂ ಮುಂಚೆ ಕಂಬಿ ಎಲ್ಲಿದೆಯೆಂದು ಸ್ಕ್ಯಾನಿಂಗ್. ಐದು ಕಡೆಯಿಂದ ಐದು ಬಿಲ್ ಬರುತ್ತವೆ. ಅರ್ಜಿ ಬರೆದವರು ಲೆಕ್ಕ ಹಿಡಿದದ್ದು ಇಟ್ಟಿಗೆ, ಗಾರೆ ಮಾತ್ರ. ಗೋಡೆ ಮೊದಲಿನಷ್ಟೇ ಉದ್ದ, ಮೊದಲಿನಷ್ಟೇ ಎತ್ತರ. ಪರಿಣಾಮ ಎಲ್ಲಿಂದ ಬರಬೇಕು?

ಅತಿ ಕಡಿಮೆ ಮೊತ್ತಕ್ಕೆ ಟೆಂಡರ್ ಗೆದ್ದ ಗುತ್ತಿಗೆದಾರರು ಕಾದಿರುವುದೇ ಇಂಥ ಹೊತ್ತಿಗೆ. ಕೆಲಸಗಳ ಪರಿಮಾಣ, ದರಗಳ ಪಟ್ಟಿಯಾದ ಬಿಒಕ್ಯುವನ್ನು ಅವರು ಓದುವ ಭಕ್ತಿ ಅದನ್ನು ಬರೆದವರಿಗೂ ಇರುವುದಿಲ್ಲ. ಮಣ್ಣಿನ ಅಗೆತ 20,000 ಘನ ಮೀಟರ್, ಬಂಡೆಯ ಅಗೆತ 10 ಘನ ಮೀಟರ್ ಎಂದಿರುತ್ತದೆ. ಯಾಕೆಂದರೆ ನೆಲ ಪರೀಕ್ಷಿಸಲು ತೆಗೆದ ಬೋರ್‌ಹೋಲ್ ಎರಡೇ, ಎರಡೂ ಯಂತ್ರ ನಿಲ್ಲಿಸಲು ಅನುಕೂಲವಾದ ಮೂಲೆಯಲ್ಲಿ. ಬಲ್ಲವರು ಮಣ್ಣಿಗೆ ನಷ್ಟದ ದರ ಬರೆದು ಬಂಡೆಗೆ ಬಂಗಾರದ ದರ ಬರೆಯುತ್ತಾರೆ. ಹತ್ತೇ ಘನ ಮೀಟರ್ ತಾನೇ, ಒಟ್ಟು ಮೊತ್ತ ಅಲುಗುವುದಿಲ್ಲ. ಮೂರನೇ ವಾರ 2,000 ಘನ ಮೀಟರ್ ಬಂಡೆ ಹೊರಬೀಳುತ್ತದೆ. ಸಭೆಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಆಶ್ಚರ್ಯ.

ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್‌ನ 1999ರ ಕೆಂಪು ಪುಸ್ತಕದಲ್ಲಿ, ಅಂದರೆ ಮಾದರಿ ಗುತ್ತಿಗೆ ಒಪ್ಪಂದದಲ್ಲಿ, ಇದಕ್ಕೊಂದು ಕಡಿವಾಣವಿದೆ. ಐಟಂನ ಪರಿಮಾಣ ಶೇ 10ಕ್ಕಿಂತ ಹೆಚ್ಚು ಬದಲಾಗಬೇಕು. ಆ ವ್ಯತ್ಯಾಸವನ್ನು ದರದಿಂದ ಗುಣಿಸಿದರೆ ಗುತ್ತಿಗೆ ಮೊತ್ತದ ಶೇ 0.01 ದಾಟಬೇಕು, ಆ ವ್ಯತ್ಯಾಸದಿಂದಲೇ ಘಟಕವೊಂದರ ಖರ್ಚು ಶೇ 1ಕ್ಕಿಂತ ಹೆಚ್ಚು ಏರಿಳಿಯಬೇಕು, ಐಟಂ ಸ್ಥಿರ ದರದ್ದಾಗಿರಬಾರದು. ನಾಲ್ಕೂ ಕೂಡಿಬಂದರೆ ಹೊಸ ದರ. ಜಾತಕ ಕೂಡಿಸುವುದು ಇದಕ್ಕಿಂತ ಸುಲಭ. ಓದಲು ಕಷ್ಟವೆಂದು ಕೆಲವರು ಒಪ್ಪಂದದಿಂದ ಮೊದಲು ಕಿತ್ತುಹಾಕುವ ಕಲಮೂ ಇದೇ.

ಅದೇ ಪುಸ್ತಕದ ಪ್ರಕಾರ ಹೆಚ್ಚುವರಿ ಹಣ ಅಥವಾ ಸಮಯದ ಕ್ಲೇಮ್ ಇದ್ದರೆ ಗುತ್ತಿಗೆದಾರರು ವಿಷಯ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡಬೇಕು. ಗಟ್ಟಿತನ ತಿಳಿಯಲು ಕಾಂಕ್ರೀಟ್ ಕ್ಯೂಬನ್ನು ಒಡೆದು ನೋಡುವುದೂ 28ನೇ ದಿನ. ಕ್ಯೂಬ್ ಪಾಸಾಗುವ ದಿನ ಕ್ಲೇಮ್ ಸಾಯುತ್ತದೆ. ಯಾಕೆಂದರೆ ಆದೇಶ ಬಂದದ್ದು ಬಾಯಿಮಾತಿನಲ್ಲಿ, ಸೈಟ್ ಸುತ್ತುವಾಗ, ‘ಮೊದಲು ಮಾಡಿ, ಆಮೇಲೆ ನೋಡೋಣ’ ಎಂದು. ಆ ‘ಆಮೇಲೆ’ ಬರುವ ಹೊತ್ತಿಗೆ ಹೇಳಿದವರಿಗೆ ವರ್ಗವಾಗಿರುತ್ತದೆ.

ಇಷ್ಟಾದರೂ ತಿಂಗಳ ವೆಚ್ಚದ ವರದಿ ಹಸಿರಾಗಿಯೇ ಇರುತ್ತದೆ. ಗುತ್ತಿಗೆ ಮೊತ್ತ 100 ಎಂದಿಟ್ಟುಕೊಂಡರೆ, ಅನಿರೀಕ್ಷಿತ ಖರ್ಚಿಗೆ ತೆಗೆದಿಟ್ಟ ಕಂಟಿಂಜೆನ್ಸಿ 10, ಮಂಜೂರಾದ ಬದಲಾವಣೆ 4, ಉಳಿಕೆ 6. ಕೆಲಸ ಮುಗಿದು ಪೇಂಟೂ ಒಣಗಿದ, ದರ ಮಾತ್ರ ನಿಗದಿಯಾಗದ 17ರಷ್ಟು ಮೊತ್ತದ ಬದಲಾವಣೆ ಡ್ರಾಯರಿನಲ್ಲಿ ಮಲಗಿದೆ. ಕೂಡಿದರೆ 121, ಕೈಯಲ್ಲಿರುವುದು 110. ಆದರೆ ವರದಿಯ ನಮೂನೆಯಲ್ಲಿ ಡ್ರಾಯರಿಗೆ ಕಾಲಂ ಇಲ್ಲ. ಗುಟ್ಟು ರಟ್ಟಾದ ತಿಂಗಳು ಖರ್ಚು ಇಳಿಸುವ ‘ವ್ಯಾಲ್ಯೂ ಎಂಜಿನಿಯರಿಂಗ್’ ಶುರುವಾಗುತ್ತದೆ: ತಾರಸಿಯ ವಾಟರ್‌ಪ್ರೂಫಿಂಗ್ ಎರಡು ಪದರದಿಂದ ಒಂದಕ್ಕಿಳಿಯುತ್ತದೆ, ಲಾಬಿಯ ಅಮೃತಶಿಲೆ ಹಾಗೇ ಉಳಿಯುತ್ತದೆ. ಮುಕ್ಕಾಲು ಕಟ್ಟಡ ಎದ್ದ ಮೇಲೆ ಇನ್ನು ನಕ್ಷೆ ಬದಲಿಸುವಂತಿಲ್ಲ ಎನ್ನುವ ‘ಡಿಸೈನ್ ಫ್ರೀಜ್’ ಸುತ್ತೋಲೆಯೂ ಹೊರಡುತ್ತದೆ. ಊರು ಕೊಳ್ಳೆ ಹೋದ ಮೇಲೆ ಹಾಕುವ ದಿಡ್ಡಿ ಬಾಗಿಲಿಗೂ ಒಂದು ರಿವಿಷನ್ ನಂಬರ್.

ಇದೆಲ್ಲ ಸಣ್ಣವರ ಪಾಡು ಎಂದುಕೊಳ್ಳಬೇಡಿ. ಸಿಡ್ನಿ ಒಪೆರಾ ಹೌಸ್‌ನ ಚಾವಣಿ ನಿಲ್ಲುವ ಬಗೆ ತೀರ್ಮಾನವಾಗುವ ಮೊದಲೇ, 1959ರಲ್ಲಿ, ಬುಡದ ಕೆಲಸ ಶುರುವಾಯಿತು. ಕೊನೆಗೆ ಚಾವಣಿಯ ಭಾರ ತಾಳದೆಂದು ಬುಡದ ಕಂಬಗಳನ್ನೇ ಮತ್ತೆ ಕಟ್ಟಬೇಕಾಯಿತು. ಸುಮಾರು 70 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಅಂದಾಜು 1973ಕ್ಕೆ 10.2 ಕೋಟಿಯಾಗಿತ್ತು. ಬರ್ಲಿನ್‌ನ ಬ್ರಾಂಡೆನ್‌ಬುರ್ಗ್ ವಿಮಾನ ನಿಲ್ದಾಣದಲ್ಲಿ ಕಟ್ಟುತ್ತಿರುವಾಗಲೇ ಟರ್ಮಿನಲ್ ಹಿಗ್ಗಿತು, ಅಂಗಡಿಗಳಿಗೆ ಜಾಗ ಹೆಚ್ಚಿತು. ಮೇಲೇರುವುದು ಹೊಗೆಯ ಸ್ವಭಾವ. ಬೆಂಕಿ ಬಿದ್ದಾಗ ಹೊಗೆ ಹೊರಹಾಕುವ ಅಲ್ಲಿನ ವ್ಯವಸ್ಥೆ ಅದನ್ನು ಕೆಳಕ್ಕೆಳೆಯಲು ಹೊರಟಿತ್ತು. 2012ರ ಜೂನ್ 3ರ ಉದ್ಘಾಟನೆ ನಾಲ್ಕು ವಾರವೂ ಇಲ್ಲದಿದ್ದಾಗ ರದ್ದಾಗಿ, ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ಕ್ಕೆ.

ಕೊನೆಯಲ್ಲಿ ಫೈನಲ್ ಬಿಲ್ಲಿನ ಸಭೆ. ಗೋಡೆಯೊಳಗೆ ಎಷ್ಟು ಮೀಟರ್ ಪೈಪ್ ಹೋಗಿದೆಯೆಂದು ಎರಡು ಕಡೆಯವರು ಪ್ಲಾಸ್ಟರ್ ಮುಂದೆ ನಿಂತು ವಾದಿಸುತ್ತಾರೆ. ಮುಚ್ಚುವ ಮುಂಚೆ ಜಂಟಿ ಅಳತೆ ಮಾಡಿ ಒಂದು ಫೋಟೊ ತೆಗೆದಿದ್ದರೆ ಐದು ನಿಮಿಷದ ಮಾತು, ಯಾರೂ ತೆಗೆದಿಲ್ಲ. ಗುತ್ತಿಗೆದಾರರು 100 ಕೇಳುತ್ತಾರೆ, ಕಟ್ಟಿಸುವವರು 60 ಅನ್ನುತ್ತಾರೆ, ಚಹಾ ಬಂದ ಮೇಲೆ 80ಕ್ಕೆ ಇತ್ಯರ್ಥ. ಮುಂದಿನ ಕಾಮಗಾರಿಯಲ್ಲಿ ಗುತ್ತಿಗೆದಾರರು 140 ಕೇಳುತ್ತಾರೆ.