ಆರಡಿ ನಾಲ್ಕಡಿಯ ಅರಮನೆ

ನಮ್ಮ ಮನೆಯಲ್ಲಿ ಈಗ ಸ್ನಾನಕ್ಕೆ ಹೋದವರು ಮೈ ಒರೆಸಿಕೊಂಡರೆ ಸಾಲದು, ನೆಲವನ್ನೂ ಒರೆಸಿಯೇ ಹೊರಗೆ ಬರಬೇಕು. ನೀರು ಹೋಗಬೇಕಾದ ಜಾಲರಿ ಇರುವುದು ಕಮೋಡಿನ ಪಕ್ಕದ ಮೂಲೆಯಲ್ಲಿ. ನೀರು ಹೋಗುವುದು ಬಾಗಿಲಿನ ಕಡೆಗೆ. ಅದನ್ನು ಉದ್ದ ಹಿಡಿಯ ವೈಪರ್‌ನಿಂದ ತಳ್ಳಿ, ಗದರಿಸಿ, ಮೂಲೆಗೆ ಅಟ್ಟುವಷ್ಟರಲ್ಲಿ ಮಾಡಿದ ಸ್ನಾನವೆಲ್ಲ ಬೆವರಾಗಿ ಇಳಿದಿರುತ್ತದೆ. ಇವತ್ತು ಬೆಳಿಗ್ಗೆ ಕಚೇರಿಗೆ ಹೊರಟು ನಿಂತವನನ್ನು ಹೆಂಡತಿ ವಾಪಸು ಕರೆದು ವೈಪರ್ ಕೈಗೆ ಕೊಟ್ಟಳು. ಇಸ್ತ್ರಿಯ ಪ್ಯಾಂಟಿನ ಅಂಚು ತೊಯ್ದು, ದಾರಿಯುದ್ದಕ್ಕೂ ಕಾಲಿಗೆ ತಣ್ಣಗೆ ಅಂಟಿಕೊಂಡಿತ್ತು. ಸಿಟ್ಟು ಇನ್ನೂ ಆರಿಲ್ಲ, ಪ್ಯಾಂಟೂ ಆರಿಲ್ಲ.

ಹಳೆಯ ಬಚ್ಚಲಿಗೆ ಏನಾಗಿತ್ತು ಎಂದು ಕೇಳಿದರೆ, ಏನೂ ಆಗಿರಲಿಲ್ಲ. ಬೆಂಗಳೂರಿನ 30-40ರ ಸೈಟಿನಲ್ಲಿ ಅಪ್ಪ 1989ರಲ್ಲಿ ಕಟ್ಟಿಸಿದ ಮನೆ. ಬಚ್ಚಲಿಗೆ ಸಿಕ್ಕಿದ್ದು ಆರಡಿ ಉದ್ದ, ನಾಲ್ಕಡಿ ಅಗಲ. ಜೊತೆಗೆ ತಾಮ್ರದ ಬಾಯ್ಲರ್ ಇಡಲೆಂದು ಒಂದು ಪಕ್ಕದಲ್ಲಿ ಎರಡಡಿ ಅಗಲದ ಸಂದು. ಕೆಳಗೆ ಮೊಸಾಯಿಕ್ ನೆಲ, ಗೋಡೆಗೆ ಎದೆಯೆತ್ತರದವರೆಗೆ ಆರಿಂಚಿನ ಬಿಳಿ ಟೈಲ್ಸ್, ಅದರ ಮೇಲೆ ಸುಣ್ಣ. ಮೂವತ್ತು ವರ್ಷಕ್ಕೂ ಮಿಕ್ಕಿ ನಾವು ಅದರೊಳಗೆ ಮೊಣಕೈ ಮಡಚಿಕೊಂಡು ಸೋಪು ಹಚ್ಚಿಕೊಂಡಿದ್ದೇವೆ. ಯಾರಿಗೂ ಉಸಿರು ಕಟ್ಟಿರಲಿಲ್ಲ.

ಉಸಿರು ಕಟ್ಟಲು ಶುರುವಾದದ್ದು ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ ಮೇಲೆ. ಕಡಿಮೆ ಖರ್ಚಿನಲ್ಲಿ ಚಿಕ್ಕ ಬಚ್ಚಲನ್ನು ವಿಶಾಲವಾಗಿ ಕಾಣಿಸುವುದು ಹೇಗೆ ಎಂಬ ವಿಡಿಯೊ. ಅದರಲ್ಲಿ ತೋರಿಸುವ ‘ಚಿಕ್ಕ’ ಬಚ್ಚಲಿನಲ್ಲಿ ನಮ್ಮ ಮಂಚ, ಬೀರು ಎರಡನ್ನೂ ಹಾಕಿ ಓಡಾಡಬಹುದು. ಒಂದು ಗಿಡವಿದೆ, ಸುರುಳಿ ಸುತ್ತಿದ ಟವೆಲ್ಲುಗಳಿವೆ, ಒಂದು ಮೇಣದ ಬತ್ತಿಯೂ ಇದೆ. ಇಲ್ಲದ್ದು ಬಕೆಟ್ಟು. ಚೊಂಬಿಲ್ಲ, ಬಟ್ಟೆ ಉಜ್ಜುವ ಬ್ರಷ್ ಇಲ್ಲ, ಅರ್ಧ ಕರಗಿದ ಬಾರ್ ಸೋಪಿಲ್ಲ, ಕೂತು ಮೀಯುವ ಮಣೆಯಿಲ್ಲ. ಇಷ್ಟೆಲ್ಲ ಇಲ್ಲದಿದ್ದರೆ ಯಾವ ಬಚ್ಚಲು ತಾನೇ ವಿಶಾಲವಾಗಿ ಕಾಣುವುದಿಲ್ಲ? ಆದರೆ ಆ ವಿಡಿಯೊ ಹೇಳಿದ್ದು ಬೇರೆ: ತಿಳಿ ಬಣ್ಣ ಇರಲಿ, ದೊಡ್ಡ ಟೈಲ್ಸ್ ಇರಲಿ, ಟೈಲ್ಸ್ ದೊಡ್ಡದಾದಷ್ಟೂ ಸಂದಿನ ಗೆರೆಗಳು ಕಡಿಮೆಯಾಗಿ ಕಣ್ಣಿಗೆ ಜಾಗ ಹೆಚ್ಚಿದಂತೆ ಕಾಣುತ್ತದೆ, ಗೋಡೆ ತುಂಬ ಕನ್ನಡಿ ಇರಲಿ.

ಸಿದ್ದಯ್ಯ ರಸ್ತೆಯ ಟೈಲ್ಸ್ ಅಂಗಡಿಗಳನ್ನು ಸುತ್ತಿದೆವು. ಬಿಳಿ ಎಂಬುದು ಒಂದೇ ಬಣ್ಣ ಎಂದು ನಂಬಿಕೊಂಡಿದ್ದವನಿಗೆ ಅಲ್ಲಿನ ಹುಡುಗ ಮೊಸರು, ದಂತ, ಮುತ್ತು, ಮಂಜು ಎಂದು ಬಿಳಿಯ ಮನೆತನವನ್ನೇ ಪರಿಚಯ ಮಾಡಿಸಿದ. ಹೆಸರುಗಳೆಲ್ಲ ಇಟಲಿಯವು, ಪೆಟ್ಟಿಗೆಯನ್ನು ಹೊರಳಿಸಿ ನೋಡಿದರೆ ಗುಜರಾತಿನ ಮೋರ್ಬಿ. ನೆಲಕ್ಕೆ ಎರಡಡಿ ಚದರದ್ದನ್ನೇ ಆರಿಸಿದ್ದಾಯಿತು. ಸಂದಿನ ಗೆರೆ ಕಡಿಮೆಯಾಗಬೇಕಲ್ಲ!

ಇನ್ನು ಮೇಸ್ತ್ರಿ. ಅವರ ಬಗ್ಗೆ ಸ್ವಲ್ಪ ವಿರಾಮವಾಗಿ ಹೇಳಬೇಕು.

ಮೊದಲ ದಿನ ಬಂದವರು ಚಪ್ಪಲಿ ಬಿಟ್ಟು, ಬಚ್ಚಲಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರು. ಜೇಬಿನಿಂದ ಹಳೆಯ ಕಾಲದ ದಪ್ಪನೆಯ ಐದು ರೂಪಾಯಿ ನಾಣ್ಯ ತೆಗೆದರು. ಗೋಡೆಯ ಒಂದು ಟೈಲ್ಸಿಗೆ ಕಿವಿ ಹತ್ತಿರ ಹಿಡಿದು ನಾಣ್ಯದಿಂದ ತಟ್ಟಿದರು. ಟಣ್. ಪಕ್ಕದ್ದಕ್ಕೆ ತಟ್ಟಿದರು. ಟಣ್. ಮೂರನೆಯದು ಟೊಪ್ ಎಂದಿತು. ಮೇಸ್ತ್ರಿ ಕಣ್ಣು ಮುಚ್ಚಿದರು. ಹತ್ತಿರದವರು ತೀರಿಕೊಂಡ ಸುದ್ದಿ ಬಂದಾಗ ಬಿಡುವಂಥ ಒಂದು ಉಸಿರು ಬಿಟ್ಟು, ನನ್ನ ಕಡೆ ತಿರುಗಿ ಕೇಳಿದರು: “ಇದನ್ನು ಯಾರು ಸಾರ್ ಮಾಡಿದ್ದು?”

ನನಗೇನು ಗೊತ್ತು? ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆದರೂ ಆ ಪ್ರಶ್ನೆಯ ಧಾಟಿಗೆ ನಾನೇ ರಾತ್ರೋರಾತ್ರಿ ಎದ್ದು ಕರಣೆ ಹಿಡಿದವನಂತೆ ತಲೆ ತಗ್ಗಿಸಿದೆ. ಅಲ್ಲಿಂದ ಮುಂದೆ ಅವರು ಕೈಯಿಟ್ಟಲ್ಲೆಲ್ಲ ಅದೇ ಪ್ರಶ್ನೆ. ಗೋಡೆಗೆ ತೂಗುಗುಂಡು ಇಳಿಬಿಟ್ಟರು. ಗೋಡೆ ಎರಡು ನೂಲು ವಾಲಿತ್ತು. “ಯಾರು ಸಾರ್ ಮಾಡಿದ್ದು?” ಮೂಲೆಗೆ ಮಟ್ಟಗೋಲು ಹಿಡಿದರು. ಮೂಲೆ ಮೂಲೆಯಾಗಿರಲಿಲ್ಲ. “ಯಾರು ಸಾರ್?” ಹೋಗುವಾಗ ನಮ್ಮ ಮೆಟ್ಟಿಲು ಎಡವಿ, ಹಿಂದಿರುಗಿ ಅದನ್ನೂ ನೋಡಿದರು. ಕೇಳಲಿಲ್ಲ, ಅಷ್ಟರಮಟ್ಟಿಗೆ ಔದಾರ್ಯ. ಕಾಫಿ ಕೊಟ್ಟಾಗ ಒಂದು ಗುಟುಕು ಕುಡಿದು ಲೋಟವನ್ನು ಸುಮ್ಮನೆ ದಿಟ್ಟಿಸಿದರು. ಅಡುಗೆಮನೆಯಿಂದ ಹೆಂಡತಿ ನೋಡುತ್ತಿದ್ದಳು. ಆ ಕ್ಷಣ ಅವರು ಬಾಯಿ ಬಿಟ್ಟಿದ್ದರೆ ನಮ್ಮ ಬಚ್ಚಲು ಇವತ್ತಿಗೂ ಹಳೆಯದೇ ಆಗಿ ಉಳಿದಿರುತ್ತಿತ್ತು.

ಪ್ಲಂಬರ್ ಹುಡುಗ ಇನ್ನೂ ಮೀಸೆ ಸರಿಯಾಗಿ ಬಾರದವನು. ಅವನೂ ಅದೇ ಸಂಪ್ರದಾಯದವನು. ಹಳೆಯ ಜಿಐ ಪೈಪನ್ನು ನೋಡಿ ಕೇಳಿದ, ಯಾರು ಮಾಡಿದ್ದು ಎಂದು. ಎಲೆಕ್ಟ್ರಿಷಿಯನ್ ಬಂದು ಗೀಸರ್‌ಗೆ ಪಾಯಿಂಟ್ ಇಟ್ಟ ಜಾಗ ನೋಡಿ ಕೇಳಿದ. ಆಮೇಲೆ ಕೆಲಸ ಮುಂದುವರಿದ ಹಾಗೆ ಅವರವರೊಳಗೇ ಶುರುವಾಯಿತು. ನಿನ್ನೆ ಮೇಸ್ತ್ರಿ ಕೂರಿಸಿದ ಟೈಲ್ಸ್ ನೋಡಿ ಪ್ಲಂಬರ್ ಕೇಳುವುದು, ಪ್ಲಂಬರ್ ಕೊರೆದ ತೂತು ನೋಡಿ ಮೇಸ್ತ್ರಿ ಕೇಳುವುದು. ಕೇಳುವುದು ಮಾತ್ರ ನನ್ನನ್ನು. ಮಾಡಿದವನು ಅಲ್ಲೇ ಬೆನ್ನ ಹಿಂದೆ ನಿಂತು ಬೀಡಿ ಹಚ್ಚುತ್ತಿದ್ದರೂ ಪ್ರಶ್ನೆ ಯಜಮಾನನಿಗೇ.

ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೆ ಬೇರೆ ಕಡೆ ನಾಟುತ್ತಿತ್ತು. ಮಾಡಿದ್ದು ಯಾರೋ, ನಿಂತು ಮಾಡಿಸಿದ್ದು ಅಪ್ಪ. ಬ್ಯಾಂಕಿನ ಸಾಲ, ಪಿ.ಎಫ್. ದುಡ್ಡು ಎರಡನ್ನೂ ಸೇರಿಸಿ ಕಟ್ಟಿಸುತ್ತಿದ್ದ ಮನೆ. ಮೊಸಾಯಿಕ್ ಪಾಲಿಶ್ ಆದ ದಿನ ಅಪ್ಪ ಪ್ಯಾಂಟು ಮಡಚಿಕೊಂಡು, ಒಂದು ಚೊಂಬು ನೀರನ್ನು ಬಚ್ಚಲಿನ ಒಂದೊಂದು ಮೂಲೆಯಲ್ಲೂ ಸುರಿದು, ಅದು ಹರಿದು ಜಾಲರಿಗೆ ಹೋಗುವವರೆಗೆ ಕುಕ್ಕರಗಾಲಿನಲ್ಲಿ ಕೂತು ನೋಡಿದ್ದರು. ಒಂದು ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತಿತು. ಅದನ್ನು ಬೆರಳಿನಿಂದ ತೋರಿಸಿದರೇ ಹೊರತು ಮಾತಾಡಲಿಲ್ಲ. ಮಾರನೆಯ ದಿನ ಆ ಮೂಲೆಯನ್ನು ಮತ್ತೆ ಉಜ್ಜಿದರು. ಆ ನೆಲದ ಮೇಲೆ ಸ್ನಾನ ಮುಗಿಸಿ ಬಂದರೆ ಕಾಲು ಗಂಟೆಯಲ್ಲಿ ಒಣಗಿರುತ್ತಿತ್ತು. ನಮ್ಮ ಮನೆಯಲ್ಲಿ ವೈಪರ್ ಎಂಬ ವಸ್ತುವೇ ಇರಲಿಲ್ಲ.

ಇರಲಿ, ಖರ್ಚಿನ ವಿಷಯಕ್ಕೆ ಬರುತ್ತೇನೆ. ನಾವು ಅಂದುಕೊಂಡಿದ್ದು 70,000 ರೂಪಾಯಿ. ಹಳೆಯದನ್ನೆಲ್ಲ ಕಿತ್ತರೆ ಮಣ್ಣು ಸಾಗಿಸುವ ಖರ್ಚು, ಹೊಸದಾಗಿ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ನೋಡುವ ದಿನಗಳು, ಎಲ್ಲ ಸೇರಿ ದುಪ್ಪಟ್ಟಾಗುತ್ತದೆ ಎಂದರು ಮೇಸ್ತ್ರಿ. ಅದರ ಬದಲು ಟೊಳ್ಳು ಸದ್ದಿನವನ್ನು ಮಾತ್ರ ಕಿತ್ತು ಸಮ ಮಾಡಿ, ಹಳೆಯದರ ಮೇಲೆಯೇ ಗಮ್ ಹಾಕಿ ಹೊಸ ಟೈಲ್ಸ್ ಕೂರಿಸಿಬಿಡೋಣ ಎಂದರು. ಅಗ್ಗದ ದಾರಿ, ಮನೆಯವರೆಲ್ಲ ತಲೆದೂಗಿದರು. ಟೈಲ್ಸಿನ ದಪ್ಪ, ಗಮ್ಮಿನ ದಪ್ಪ ಸೇರಿ ಒಂದು ಗೋಡೆಗೆ ಅರ್ಧ ಇಂಚು. ಎದುರಿನ ಗೋಡೆಗೆ ಇನ್ನರ್ಧ. ಅಂದರೆ ಬಚ್ಚಲನ್ನು ವಿಶಾಲ ಮಾಡುವ ಮೊದಲ ಹೆಜ್ಜೆಯಾಗಿ ಅದನ್ನು ಉದ್ದಕ್ಕೊಂದು ಇಂಚು, ಅಗಲಕ್ಕೊಂದು ಇಂಚು ಕಿರಿದು ಮಾಡಿದೆವು. ನೆಲ ಅರ್ಧ ಇಂಚು ಮೇಲೆದ್ದು ಬಾಗಿಲು ತೆರೆಯದಾಯಿತು. ಬಾಗಿಲಿನ ಕೆಳಗೆ ಕತ್ತರಿಸಿದರು. ಕತ್ತರಿಸಿದವರು ಧಾರಾಳಿಗಳು. ಈಗ ಆ ಸಂದಿನಲ್ಲಿ ಜಿರಲೆ ಸಂಸಾರ ಸಮೇತ ಓಡಾಡುತ್ತದೆ.

ಬಚ್ಚಲಿನ ನೆಲಕ್ಕೆ ಅಡಿಗೆ ಕಾಲು ಇಂಚಾದರೂ ಇಳಿಜಾರು ಬೇಕು, ಅದೂ ನಾಲ್ಕು ಕಡೆಯಿಂದ ಜಾಲರಿಗೆ. ಚಿಕ್ಕ ಟೈಲ್ಸ್ ಆದರೆ ಒಂದೊಂದನ್ನೂ ಬೇಕಾದಂತೆ ವಾಲಿಸಬಹುದು. ಎರಡಡಿ ಚದರದ್ದು ವಾಲಿದರೆ ಇಡಿಯಾಗಿ ಒಂದೇ ಕಡೆಗೆ ವಾಲುತ್ತದೆ. ನಮ್ಮದು ಬಾಗಿಲಿನ ಕಡೆಯನ್ನು ಆರಿಸಿಕೊಂಡಿತು. ಬಾಕಿ ಹಣಕ್ಕೆ ಬಂದ ಮೇಸ್ತ್ರಿಯನ್ನು ಒಳಗೆ ನಿಲ್ಲಿಸಿ ಒಂದು ಚೊಂಬು ನೀರು ಸುರಿದೆ. ಇಬ್ಬರೂ ನೋಡುತ್ತಿದ್ದಂತೆ ಅದು ನಿಧಾನವಾಗಿ ಬಾಗಿಲು ದಾಟಿ, ಕಾಲೊರೆಸುವ ಬಟ್ಟೆಯನ್ನು ತಲುಪಿತು. ಮೇಸ್ತ್ರಿ ನಾಣ್ಯ ತೆಗೆದು ತಾವೇ ಕೂರಿಸಿದ ಟೈಲ್ಸಿಗೆ ತಟ್ಟಿ ಕೇಳಿದರು. ಟಣ್. “ನಮ್ಮ ಕೆಲಸದಲ್ಲಿ ಏನೂ ಇಲ್ಲ ಸಾರ್. ಕೆಳಗಿನ ನೆಲದ ವಾಟವೇ ಸರಿಯಿಲ್ಲ.” ಅಪ್ಪ ಚೊಂಬು ಹಿಡಿದು ಕೂತಿದ್ದ ನೆಲದ ಬಗ್ಗೆ ಈ ಮಾತು! ಉತ್ತರ ನಾಲಗೆಯ ತುದಿಗೆ ಬಂದಿತ್ತು. ಆದರೆ ಗೋಡೆಯ ಇನ್ನೊಂದು ಕಡೆಯ ಪ್ಲಾಸ್ಟರ್ ಬಾಕಿಯಿತ್ತು, ಬಾಕಿ ಕೆಲಸವಿರುವಾಗ ಮೇಸ್ತ್ರಿಯ ಜೊತೆ ಜಗಳವಾಡುವಷ್ಟು ಧೈರ್ಯ ಬೆಂಗಳೂರಿನಲ್ಲಿ ಯಾರಿಗಿದೆ? ಲೆಕ್ಕ ಒಂದು ಲಕ್ಷ ದಾಟಿತು.

ಕನ್ನಡಿಯನ್ನು ಹೇಗೆ ಮರೆಯಲಿ? ಜಾಗವನ್ನು ಎರಡು ಪಟ್ಟು ಮಾಡುವ ಕನ್ನಡಿ. ಅದನ್ನು ಹಾಕಲು ಖಾಲಿ ಇದ್ದದ್ದು ಕಮೋಡಿನ ಎದುರಿನ ಗೋಡೆ ಮಾತ್ರ. ಅದು ಜಾಗವನ್ನು ಎರಡು ಪಟ್ಟು ಮಾಡಿತೋ ಇಲ್ಲವೋ, ಜನರನ್ನಂತೂ ಮಾಡಿತು. ಬೆಳಗಿನ ಹೊತ್ತು ಕೂತರೆ ಎದುರಿಗೆ ಹೊಟ್ಟೆ ಬಿಟ್ಟುಕೊಂಡ, ಕಣ್ಣು ಊದಿಕೊಂಡ ಒಬ್ಬ ನನ್ನನ್ನೇ ನೋಡುತ್ತಿರುತ್ತಾನೆ. ಹಾಸನದಿಂದ ಬಂದ ಚಿಕ್ಕಪ್ಪ ಮಂಪರಿನಲ್ಲಿ ಬಾಗಿಲು ತೆರೆದು, “ಓಹೋ, ನಿಧಾನವಾಗಿ ಆಗಲಿ” ಎಂದು ಮುಚ್ಚಿ, ಹಾಲಿನಲ್ಲಿ ಪೇಪರ್ ಹಿಡಿದು ಒಳಗಿನವರು ಹೊರಗೆ ಬರುವುದನ್ನೇ ಕಾಯುತ್ತಾ ಕೂತಿದ್ದರು.

ಹಾಗಿದ್ದೂ ಒಳ್ಳೆಯ ಮಾತು ಒಂದನ್ನು ಹೇಳಲೇಬೇಕು. ಬಕೆಟ್ಟುಗಳನ್ನು ಹೊರಗಿಟ್ಟು, ದೀಪ ಹಾಕಿ, ಬಾಗಿಲಲ್ಲಿ ನಿಂತು ನೋಡಿದರೆ ಬಚ್ಚಲು ನಿಜಕ್ಕೂ ವಿಶಾಲವಾಗಿ ಕಾಣುತ್ತದೆ. ಬಕೆಟ್ಟುಗಳು ಹೊರಗಿದ್ದದ್ದು ಮಗಳು ಫೋಟೊ ತೆಗೆಯುವವರೆಗೆ. ಆಮೇಲೆ ಸಂದಿನೊಳಕ್ಕೆ ನೀಲಿ ಡ್ರಮ್ ಬಂತು. 2024ರ ಬೇಸಿಗೆಯಲ್ಲಿ ನಗರಕ್ಕೇ ನೀರಿಲ್ಲದೆ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದಾಗ ಗಾಬರಿಯಲ್ಲಿ ಕೊಂಡದ್ದು ಅದು. ಆಮೇಲೆ ಮಳೆ ಬಂತು, ನಲ್ಲಿಯಲ್ಲಿ ನೀರೂ ಬಂತು, ಡ್ರಮ್ ಹೋಗಲಿಲ್ಲ.

ಮೊನ್ನೆ ಭಾನುವಾರ ಅತ್ತಿಗೆ ಬಂದಿದ್ದರು. ಬಚ್ಚಲನ್ನು ನೋಡಿ, “ಎಷ್ಟು ಅಗಲವಾಗಿ ಕಾಣುತ್ತದೆ! ಆ ಡ್ರಮ್ ತೆಗೆದುಹಾಕಿ. ಅಲ್ಲೇ ವಾಷಿಂಗ್ ಮೆಷಿನ್ ಇಡಬಹುದು” ಎಂದರು. ಹೆಂಡತಿಯ ಮುಖದಲ್ಲಿ ಬೆಳಕು ಮೂಡಿದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಟೇಪು ಬಂತು. ಮೆಷಿನ್ ಅಗಲ 60 ಸೆಂಟಿಮೀಟರ್, ಅಂದರೆ ಇಪ್ಪತ್ತಮೂರೂವರೆ ಇಂಚಿಗೆ ಒಂದು ಎಳೆ ಜಾಸ್ತಿ. ಅಪ್ಪ ಬಿಡಿಸಿದ್ದು ಇಪ್ಪತ್ತನಾಲ್ಕು ಇಂಚಿನ ಸಂದು. ಟೇಪು ತೋರಿಸಿದ್ದು ಇಪ್ಪತ್ತಮೂರು.

ಅತ್ತಿಗೆ ಇನ್ನೊಮ್ಮೆ ಅಳೆದರು. ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟು, ನನ್ನ ಕಡೆ ತಿರುಗಿ, “ಇದನ್ನು ಯಾರು ಮಾಡಿಸಿದ್ದು?” ಎಂದು ಕೇಳಿದರು.