ಬೆನ್ನ ಹಿಂದಿನ ಪುಸ್ತಕಗಳು

“ಮುಂದಿನ ವಾರ ಈ ಪುಸ್ತಕಗಳ ಮೇಲೆ ಏನಾದರೂ ಹೊದಿಸಿಬಿಡಪ್ಪ” ಎಂದು ಎದುರು ಮನೆಯ ಆಂಟಿ ಚಪ್ಪಲಿ ಮೆಟ್ಟುತ್ತಾ ಹೇಳಿ ಹೋದ ಮೇಲೆ, ಎರಡು ದಿನ ನಾನು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಸಿಂಗಪುರದಲ್ಲಿ ವಯಸ್ಸಾದ ಹೆಂಗಸರೆಲ್ಲರೂ ಆಂಟಿಯರೇ. ಎಪ್ಪತ್ತು ದಾಟಿದ ಈ ಆಂಟಿ ಪ್ರತಿ ಶುಕ್ರವಾರ ರಾತ್ರಿ ತಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಮಾಜಾಂಗ್ ಎಂಬ, ನಾಲ್ವರು ಕೂತು ಆಡುವ ಚೀನೀ ಬಿಲ್ಲೆಯಾಟ ಆಡಲು ಬರುತ್ತಾರೆ. ನಾನೂ ನನ್ನ ಹೆಂಡತಿಯೂ ಸೇರಿದರೆ ನಾಲ್ಕು ದಿಕ್ಕೂ ತುಂಬುತ್ತವೆ. ಆಟದ ನೆಪದಲ್ಲಿ ನೆರೆಯವರನ್ನು ಮನೆಗೆ ಕರೆಯುವುದರಲ್ಲಿ ಗಹನವಾದ ಸತ್ಯವೊಂದು ಅಡಗಿದೆಯೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಅದನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಆದರೆ ಮೊದಲು ಪುಸ್ತಕದ ವ್ಯಾಜ್ಯ ತೀರಬೇಕು.

ಚೀನೀ ಮಾತಿನಲ್ಲಿ ಪುಸ್ತಕ ಎಂಬುದಕ್ಕೂ ಸೋಲು ಎಂಬುದಕ್ಕೂ ಉಚ್ಚಾರಣೆ ಒಂದೇ, ‘ಶೂ’. ಬರೆಯುವ ಅಕ್ಷರಗಳು ಬೇರೆಯಾದರೂ ಕಿವಿಗೆ ಆ ಭೇದ ತಿಳಿಯುವುದಿಲ್ಲ. ಆದ್ದರಿಂದ ಮಾಜಾಂಗ್ ಮೇಜಿನ ಆಸುಪಾಸಿನಲ್ಲಿ ಪುಸ್ತಕ ಸುಳಿಯುವುದು ಅಪಶಕುನ. ನಮ್ಮ ಪುಟ್ಟ ಹಜಾರದಲ್ಲಿ ಮೇಜು ಹಾಕಲು ಇರುವುದೊಂದೇ ಜಾಗ, ಆಂಟಿ ಕೂರುವುದು ಸರಿಯಾಗಿ ನನ್ನ ಕಪಾಟಿಗೆ ಬೆನ್ನು ಮಾಡಿ. ನಾನೂರು ಸೋಲುಗಳು ಬೆನ್ನ ಹಿಂದೆ ಸಾಲುಗಟ್ಟಿ ನಿಂತಿರುವಾಗ ಯಾರ ಕೈಗೆ ತಾನೇ ಒಳ್ಳೆಯ ಬಿಲ್ಲೆ ಬಂದೀತು? ಲೆಕ್ಕ ನಾನೂರೆಂದು ಮಾತ್ರ ಅವರಿಗೆ ತಿಳಿಸಲಿಲ್ಲ. ಅವರ ಮಾತಿನಲ್ಲಿ ನಾಲ್ಕಕ್ಕೂ ಸಾವಿಗೂ ಉಚ್ಚಾರಣೆ ಬಹಳ ಹತ್ತಿರ.

ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಬಂಧುಮಿತ್ರರು ಮನೆಯಲ್ಲಿ ತಮ್ಮೊಳಗೆ ಪಣವಿಟ್ಟು ಆಡಲು ಇಲ್ಲಿನ ಸರ್ಕಾರವೇ 2022ರ ಕಾಯ್ದೆಯಲ್ಲಿ ಅವಕಾಶ ಕೊಟ್ಟಿರುವಾಗ, ಸಾಕ್ಷಾತ್ ಸರಸ್ವತಿ ನಮ್ಮ ಹತ್ತು ಸೆಂಟಿನ ಜೂಜಿಗೆ ಅಡ್ಡ ಬರುತ್ತಾಳೆಂದರೆ ಹೇಗೆ ಸಹಿಸಲಿ? ಇದನ್ನು ಹೆಂಡತಿಯ ಮುಂದೆ ಸ್ವಲ್ಪ ಎತ್ತರದ ದನಿಯಲ್ಲಿಯೇ ವಾದಿಸಿದೆ. ಅವಳು, “ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು, ವಿಜಯದಶಮಿಯ ತನಕ ಓದಬಾರದೆಂದು ನಿಮ್ಮ ಅಮ್ಮ ಹೇಳಿದಾಗ, ಎಲ್ಲರಿಗಿಂತ ಹೆಚ್ಚು ಸಂತೋಷಪಡುತ್ತಿದ್ದವರು ನೀವೇ ಅಲ್ಲವೇ?” ಎಂದಳು. ಮದುವೆಯಾದ ಹೊಸತರಲ್ಲಿ ಬಾಲ್ಯದ ಕಥೆಗಳನ್ನೆಲ್ಲ ಹೇಳಿಕೊಳ್ಳುವ ಗಂಡಸರಿಗೆ ಮುಂದೆ ಇಂಥ ಗತಿಯೇ ಒದಗುತ್ತದೆ.

ಹೊದಿಸಲು ಏನಿದೆಯೆಂದು ಹುಡುಕಾಡಿದೆವು. ಮಂಚದ ಹಾಸು ಗಿಡ್ಡವಾಯಿತು. ಬಿಳಿಯ ಪಂಚೆಯೋ, ಅದು ಶೋಕದ ಬಣ್ಣವೆಂದು ಹೆಂಡತಿಯೇ ಬೇಡವೆಂದಳು. ಕೊನೆಗೆ ಪೆಟ್ಟಿಗೆಯ ತಳದಿಂದ ಹೊರಬಂದದ್ದು ಸೋದರಮಾವ ಕೊಟ್ಟಿದ್ದ ನವಲಗುಂದದ ಜಮಖಾನೆ. ಅದನ್ನು ಕಪಾಟಿನ ನೆತ್ತಿಯಿಂದ ಇಳಿಬಿಟ್ಟು ಹಿಂದೆ ಸರಿದು ನೋಡಿದರೆ, ನಟ್ಟನಡುವೆ ನೇಯ್ದಿರುವುದು ಪಗಡೆಯ ಹಾಸು! ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕೊನೆಗೆ ಹೆಂಡತಿಯನ್ನೂ ಧರ್ಮರಾಯ ಯಾವ ಆಟದಲ್ಲಿ ಪಣವಾಗಿಟ್ಟು ಕಳೆದುಕೊಂಡನೋ, ಆ ಆಟದ ಪಟವನ್ನೇ ಸೋಲಿನ ಪರಿಹಾರಕ್ಕೆಂದು ತೂಗುಹಾಕಿದ್ದೆವು. ಶುಕ್ರವಾರ ಬಂದ ಆಂಟಿ ಅದನ್ನು ಬೆರಳಿನಿಂದ ಸವರಿ, ಬಣ್ಣ ಬಹಳ ಚೆನ್ನಾಗಿದೆ, ಕೆಂಪು ಶುಭ ಎಂದು ಹೇಳಿ, ಅದಕ್ಕೆ ಬೆನ್ನು ಕೊಟ್ಟು ನೆಮ್ಮದಿಯಿಂದ ಕುಳಿತರು. ನಾನು ಧರ್ಮರಾಯನ ಹೆಸರೆತ್ತಲಿಲ್ಲ.

ಅಂದು ಅವರಿಗೆ ಮೊದಲ ಸುತ್ತಿನಲ್ಲಿಯೇ ಬೆಕ್ಕು, ಇಲಿ ಎರಡೂ ಬಂದವು. ಸಿಂಗಪುರದ ಮಾಜಾಂಗಿನಲ್ಲಿ 144 ಬಿಲ್ಲೆಗಳ ಜೊತೆಗೆ ಬೆಕ್ಕು, ಇಲಿ, ಹುಂಜ, ಜರಿ ಎಂಬ ನಾಲ್ಕು ಪ್ರಾಣಿಗಳೂ ಇರುತ್ತವೆ. ಬೆಕ್ಕೂ ಇಲಿಯೂ ಒಬ್ಬರ ಕೈಯಲ್ಲಿ ಸೇರಿದರೆ ಉಳಿದ ಮೂವರು ಆಗಿಂದಾಗಲೇ ದುಡ್ಡು ತೆರಬೇಕೆಂಬುದು ನಮ್ಮ ಮೇಜಿನ ಕಟ್ಟಳೆ. ತೆತ್ತೆವು. ಆಟ ಮುಗಿಯುವಾಗ ನಾನು ಕಳೆದುಕೊಂಡದ್ದು ಆರು ಡಾಲರ್ ನಲವತ್ತು ಸೆಂಟ್. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದವರು ಆಂಟಿಯ ತಮ್ಮ. ಕೋಡುಬಳೆ ಮುರಿದ ಕೈಯಿಂದಲೇ ಬಿಲ್ಲೆ ಎತ್ತುತ್ತಾರೆ. ಹನ್ನೊಂದು ಗಂಟೆಗೆ ಅವರು ಹೊರಟ ಮೇಲೆ 148 ಬಿಲ್ಲೆಗಳನ್ನೂ ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಸೇರಿಸುವವನು ನಾನು. ಬಟ್ಟಲಿನ ಪಕ್ಕದಲ್ಲಿ ಇಟ್ಟ ಕಾಗದದ ಕರವಸ್ತ್ರವನ್ನು ಇಂದಿನವರೆಗೆ ಅವರು ಮುಟ್ಟಿಲ್ಲ. ಅತಿಥಿ ದೇವರೇ ಇರಬಹುದು. ದೇವರಿಗೂ ನೈವೇದ್ಯವಾದ ಮೇಲೆ ಹಸ್ತಪ್ರಕ್ಷಾಳನವೆಂಬುದು ಇದೆ.

ಗೆದ್ದ ದಿನದ ಏರ್ಪಾಡನ್ನು ಬದಲಿಸಬಾರದೆಂದು ಆಂಟಿ ಹೇಳಿರುವುದರಿಂದ ಜಮಖಾನೆ ಈಗಲೂ ಅಲ್ಲಿಯೇ ತೂಗುತ್ತಿದೆ. ಪುಸ್ತಕ ಬೇಕಾದಾಗ ಅದರ ಅಡಿಯಲ್ಲಿ ಕೈತೂರಿಸಿ ತಡಕುತ್ತೇನೆ. ನಿನ್ನೆ ನಿಘಂಟೆಂದು ಎಳೆದದ್ದು ಹಳೆಯ ಪಂಚಾಂಗವಾಗಿತ್ತು. ಮೊದಲಿಗೆ ನಾನು ಹೇಳಿದ ಆ ಗಹನವಾದ ಸತ್ಯವನ್ನು, ಮರೆಯದಿರಲೆಂದು ಒಂದು ಚೀಟಿಯಲ್ಲಿ ಬರೆದು, ಮೂರನೆಯ ಅಡ್ಡಹಲಗೆಯ ಯಾವುದೋ ಪುಸ್ತಕದೊಳಗೆ ಇಟ್ಟಿದ್ದೆ. ಇಂದು ಶುಕ್ರವಾರ, ಈಗ ಜಮಖಾನೆ ಎತ್ತಿದರೆ ಹೆಂಡತಿ ಬೈಯುತ್ತಾಳೆ.